ಪತ್ತೇದಾರಿ ಅಮ್ಮ ರಾತ್ರಿ ಹೊರಟ ಮೇಲೆ ಮಗುವಿನ ಹತ್ತಿರ ಯಾರಿರುತ್ತಾರೆ?

ಪ್ರಶ್ನೆ: ನೀರ್ಚಾಲು ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಓದುವುದೇ ಜಾಸ್ತಿ, ಬರೆಯುವುದು ಇದೇ ಮೊದಲು. ಮನೆ ಕಾಸರಗೋಡಿನ ನೀರ್ಚಾಲಿನ ಹತ್ತಿರ. ಕನ್ನಡ ಶಾಲೆಯಲ್ಲಿ 29 ವರ್ಷ ಪಾಠ ಮಾಡಿ ನಿವೃತ್ತಿಯಾದೆ. ಮಗಳು ಕೇರಳ ಪೊಲೀಸ್‌ನಲ್ಲಿ ಸಬ್ ಇನ್ಸ್‌ಪೆಕ್ಟರ್. ಅಳಿಯ ಗಲ್ಫಿನಲ್ಲಿದ್ದಾರೆ. 9 ವರ್ಷದ ಮೊಮ್ಮಗಳು ನನ್ನ ಕೈಯಲ್ಲೇ ಬೆಳೆಯುತ್ತಿದ್ದಾಳೆ.

ಈ ಮಳೆಗಾಲದಲ್ಲಿ ಅಳಿಯ ಫೋನಿನಲ್ಲೇ ಒಂದೊಂದಾಗಿ ಹೇಳಿಕೊಟ್ಟು ಟಿವಿಯಲ್ಲಿ 'ಮೇರ್ ಆಫ್ ಈಸ್ಟ್‌ಟೌನ್' ಹಾಕಿಸಿದರು. "ಅತ್ತೆ, ಇದರಲ್ಲಿ ಒಬ್ಬಳು ಪೊಲೀಸ್ ಅಮ್ಮ ಇದ್ದಾಳೆ, ನೋಡಿ" ಅಂದರು. ಮೊಮ್ಮಗಳು ಮಲಗಿದ ಮೇಲೆ ದಿನಕ್ಕೊಂದು ಕಂತು ನೋಡಿದೆ. ಇರುವುದು 7 ಕಂತು. ಕರೆಂಟು ಹೋಗಿ ಬಂದು 10 ದಿನ ಹಿಡಿಯಿತು. ಅವರ ಇಂಗ್ಲಿಷ್ ಕಿವಿಗೆ ಹಿಡಿಯುವುದು ಕಷ್ಟ, ಕೆಳಗೆ ಬರುವ ಅಕ್ಷರ ಓದಿಕೊಂಡೆ.

ನೋಡದವರಿಗೆ ಎರಡು ಮಾತು. 2021ರಲ್ಲಿ ಬಂದದ್ದು. ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಸಣ್ಣ ಊರಿನ ಕತೆ. ಅಲ್ಲಿ ಎಲ್ಲರಿಗೂ ಎಲ್ಲರ ಗುರುತು ಇದೆ. ಮೇರ್ ಅಲ್ಲಿನ ಪತ್ತೇದಾರಿ. ಕೇಟ್ ವಿನ್ಸ್‌ಲೆಟ್ ಆ ಪಾತ್ರ ಮಾಡಿದ್ದಾರೆ. ಮೇರ್‌ಳ ಮಗ ತಾನೇ ಜೀವ ತೆಗೆದುಕೊಂಡಿದ್ದಾನೆ. ಅವನ ಪುಟ್ಟ ಮಗನನ್ನು ಇವಳು ಸಾಕುತ್ತಿದ್ದಾಳೆ. ಊರಿನಲ್ಲಿ ಒಬ್ಬ ಎಳೆ ಹುಡುಗಿಯ ಕೊಲೆ ಆಗುತ್ತದೆ, ಅವಳೂ ಒಂದು ಮಗುವಿನ ತಾಯಿ. ಆ ತನಿಖೆ ಒಂದು ಕಡೆ. ಮೊಮ್ಮಗನನ್ನು ಅವನ ತಾಯಿ ವಾಪಸ್ ಕೇಳುವ ಜಗಳ ಇನ್ನೊಂದು ಕಡೆ. ಕೊನೆ ಹೇಳುವುದಿಲ್ಲ. ವಿನ್ಸ್‌ಲೆಟ್‌ಗೆ ಎಮ್ಮಿ ಪ್ರಶಸ್ತಿ ಬಂತು, ಬರಬೇಕಾದದ್ದೇ.

ಆದರೆ ನನ್ನ ಕಣ್ಣು ಹೆಲೆನ್ ಮೇಲೆ ನೆಟ್ಟಿತ್ತು. ಅವಳು ಮೇರ್‌ಳ ತಾಯಿ. ಜೀನ್ ಸ್ಮಾರ್ಟ್ ಮಾಡಿದ್ದಾರೆ. ಅದೇ ಮನೆಯಲ್ಲಿ ಇರುತ್ತಾಳೆ. ಮಗಳ ಜೊತೆ ಜಗಳ ಆಡುತ್ತಾಳೆ, ತರಕಾರಿ ಪೊಟ್ಟಣದೊಳಗೆ ಐಸ್‌ಕ್ರೀಮ್ ಅಡಗಿಸಿ ಇಡುತ್ತಾಳೆ, ಮಗುವನ್ನು ನೋಡಿಕೊಳ್ಳುತ್ತಾಳೆ. ಫೋನ್ ಬಂದ ಕೂಡಲೇ ಮೇರ್ ಎದ್ದು ಹೊರಡುತ್ತಾಳೆ. ಕ್ಯಾಮೆರಾ ಅವಳ ಹಿಂದೆಯೇ ಹೋಗುತ್ತದೆ. ನನಗೆ ಹೋಗಲಿಕ್ಕೆ ಆಗುವುದಿಲ್ಲ. ನಾನು ಆ ಮನೆಯಲ್ಲೇ ಉಳಿದುಬಿಡುತ್ತೇನೆ. ಮಗು ನಡುರಾತ್ರಿ ಎದ್ದಿತಾ? ಯಾರನ್ನು ಕೇಳಿತು? ಹೆಲೆನ್ ಏನು ಹೇಳಿ ಮಲಗಿಸಿದಳು? ಅದೊಂದನ್ನೂ ತೋರಿಸುವುದಿಲ್ಲ.

ನಮ್ಮ ಮನೆಯ ಒಂದು ರಾತ್ರಿ ಹೇಳುತ್ತೇನೆ, ಆಗ ನನ್ನ ಪ್ರಶ್ನೆ ಸರಿಯಾಗಿ ತಿಳಿಯಬಹುದು.

ಆಟಿ ತಿಂಗಳು, ಜೋರು ಮಳೆ. ಮಗಳು ಅವತ್ತು ಸ್ವಲ್ಪ ಬೇಗ ಬಂದಿದ್ದಳು. ಬಟ್ಟಲಿನಲ್ಲಿ ಗಂಜಿ ಇನ್ನೂ ಅರ್ಧ ಇತ್ತು, ಫೋನ್ ಬಂತು. ಎದ್ದು ಕೈ ತೊಳೆದು ಒಳಗೆ ಹೋದಳು. ಬರುವಾಗ ಖಾಕಿ ಇಲ್ಲ, ಚೂಡಿದಾರ ಹಾಕಿದ್ದಳು. ನನ್ನ ಎದೆ ಧಸಕ್ ಅಂದಿತು. ಯಾಕೆ ಅಂದರೆ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ ಇರುವ ಪೋಕ್ಸೋ ಕಾಯ್ದೆಯ 24ನೇ ಕಲಂ ಪ್ರಕಾರ ಮಗುವಿನ ಹೇಳಿಕೆ ಬರೆದುಕೊಳ್ಳುವ ಅಧಿಕಾರಿ ಸಮವಸ್ತ್ರದಲ್ಲಿ ಇರಬಾರದು. ಮಗುವನ್ನು ಸ್ಟೇಷನ್ನಿಗೆ ಕರೆಸುವುದಲ್ಲ, ಮಗುವಿನ ಮನೆಗೆ ಅಥವಾ ಮಗು ಹೇಳಿದ ಜಾಗಕ್ಕೆ ಇವರೇ ಹೋಗಬೇಕು. ಆದಷ್ಟು ಮಟ್ಟಿಗೆ ಮಹಿಳಾ ಅಧಿಕಾರಿಯೇ ಆಗಬೇಕು, ಸಬ್ ಇನ್ಸ್‌ಪೆಕ್ಟರ್‌ಗಿಂತ ಕೆಳಗಿನವರು ಆಗಬಾರದು. ಇದೆಲ್ಲ ಮಗಳು ಹಿಂದೆ ಯಾವಾಗಲೋ ಹೇಳಿದ್ದಳು. ಹಾಗಾಗಿ ಹೊತ್ತಲ್ಲದ ಹೊತ್ತಿನಲ್ಲಿ ಅವಳು ಚೂಡಿದಾರ ಹಾಕಿದರೆ ನನಗೆ ಗೊತ್ತಾಗಿಬಿಡುತ್ತದೆ. ಹೋಗುವಲ್ಲಿ ಒಂದು ಮಗು ಕಾಯುತ್ತಾ ಇದೆ.

ಮೊಮ್ಮಗಳಿಗೆ ಅದು ಗೊತ್ತಿಲ್ಲ. ಅವಳಿಗೆ ಅಮ್ಮ ಖಾಕಿ ಹಾಕಿದರೆ ಕೆಲಸ, ಚೂಡಿದಾರ ಹಾಕಿದರೆ ತಿರುಗಾಟ. ಅವಳು ಇನ್ನೂ ಮಲಗಿರಲಿಲ್ಲ. "ಅಮ್ಮ, ಎಲ್ಲಿಗೆ? ನಾನೂ ಬರ್ತೇನೆ" ಅಂತ ಓಡಿ ಹೋಗಿ ಜಗಲಿಯಲ್ಲಿ ಚಪ್ಪಲಿ ಹಾಕಿ ನಿಂತಳು. ಕೊಡೆಯನ್ನೂ ಹಿಡಿದುಕೊಂಡಿದ್ದಳು. ಮಗಳು ಏನೂ ಹೇಳಲಿಲ್ಲ. ಅವಳ ತಲೆ ಮೇಲೆ ಕೈ ಇಟ್ಟು, ನನ್ನ ಮುಖ ನೋಡಿ, ಜೀಪು ಹತ್ತಿದಳು.

ಸೀರಿಯಲ್ ಆಗಿದ್ದರೆ ಕ್ಯಾಮೆರಾ ಆ ಜೀಪಿನ ಹಿಂದೆ ಹೋಗುತ್ತಿತ್ತು. ಮತ್ತೆ ಒಂದು ಗಂಟೆ ಹೊತ್ತು ನಮ್ಮ ಜಗಲಿಯಲ್ಲಿ ಏನಾಯಿತು ಅನ್ನುವುದನ್ನು ಯಾರೂ ಬರೆಯುವುದಿಲ್ಲ. ಆ ಚಪ್ಪಲಿ ಬಿಚ್ಚಿಸಲಿಕ್ಕೆ ನಾನು ಪಟ್ಟ ಪಾಡು ನನಗೇ ಗೊತ್ತು.

ಬೆಳಿಗ್ಗೆ 4 ಗಂಟೆಗೆ ಮಗಳು ಬಂದಳು. ಇಂಥ ದಿನ ಅವಳು ಮುಂಬಾಗಿಲಿನಿಂದ ಬರುವುದಿಲ್ಲ. ಹಿಂದಿನಿಂದ ನೇರ ಬಚ್ಚಲಿಗೆ ಹೋಗುತ್ತಾಳೆ. ಸ್ನಾನ ಆಗದೆ ಮಗುವನ್ನು ಮುಟ್ಟುವುದಿಲ್ಲ. ಅಷ್ಟು ಹೊತ್ತಿಗೆ ನಾನು ಗಂಜಿ ಬಿಸಿ ಮಾಡಿ ಇಟ್ಟಿರುತ್ತೇನೆ. ಏನಾಯಿತು ಅಂತ ಕೇಳುವುದಿಲ್ಲ. ಆ ಮಕ್ಕಳ ಹೆಸರು, ಊರು, ಶಾಲೆ ಯಾವುದೂ ಹೊರಗೆ ಬರಬಾರದು ಅಂತ ಕಾನೂನಿದೆ. ಸೀರಿಯಲ್‌ಗಳಲ್ಲಿ ಊಟದ ಮೇಜಿನ ಮೇಲೆ ಕೇಸಿನ ಮಾತು ನಡೆಯುವುದನ್ನು ನೋಡುವಾಗ ನನಗೆ ಆಶ್ಚರ್ಯ ಆಗುತ್ತದೆ. ನಮ್ಮಲ್ಲಿ ಉಪ್ಪಿನಕಾಯಿ ಬೇಕಾ ಅನ್ನುವ ಮಾತು ಬಿಟ್ಟರೆ ಬೇರೆ ಇರುವುದಿಲ್ಲ.

1989ರಲ್ಲಿ ದೂರದರ್ಶನದಲ್ಲಿ 'ಉಡಾನ್' ಬರುತ್ತಿದ್ದಾಗ ಮಗಳು ನನ್ನ ತೊಡೆಯ ಮೇಲಿದ್ದಳು. ಪಕ್ಕದ ಮನೆಗೆ ಹೋಗಿ ನೋಡುತ್ತಿದ್ದೆ. ಕವಿತಾ ಚೌಧರಿ ತಾವೇ ಬರೆದು, ನಿರ್ದೇಶಿಸಿ, ಕಲ್ಯಾಣಿಯ ಪಾತ್ರ ಮಾಡಿದ್ದರು. ಅವರ ಅಕ್ಕ ಕಾಂಚನ್ ಚೌಧರಿ ಭಟ್ಟಾಚಾರ್ಯ ಅವರ ಜೀವನದಿಂದ ಹುಟ್ಟಿದ ಕತೆ ಅದು. ಆ ಅಕ್ಕ ಮುಂದೆ ಉತ್ತರಾಖಂಡದಲ್ಲಿ ಡಿಜಿಪಿ, ಅಂದರೆ ರಾಜ್ಯದ ಪೊಲೀಸ್ ಮುಖ್ಯಸ್ಥೆ ಆದರು, ದೇಶದಲ್ಲೇ ಆ ಹುದ್ದೆಗೆ ಏರಿದ ಮೊದಲ ಹೆಂಗಸು. ನನ್ನ ಮಗಳೂ ಹೀಗೆ ಆಗಲಿ ಅಂತ ಆವತ್ತೇ ಆಸೆ ಪಟ್ಟಿದ್ದೆ. ಅದು ಹುಡುಗಿ ಪೊಲೀಸ್ ಆದ ಕತೆ. ಅವಳಿಗೆ ಮಗು ಆದ ಮೇಲಿನದು ನನ್ನ ಪಾಲಿಗೆ ಈಗ ನಡೆಯುತ್ತಾ ಇದೆ.

ನನ್ನನ್ನು ಯಾರಾದರೂ ಹೊಗಳಲಿ ಅಂತ ಇದನ್ನು ಬರೆಯುತ್ತಿಲ್ಲ. ಕೇಳುವುದು ಇಷ್ಟು. ಪೊಲೀಸ್ ಅಮ್ಮನ ಕತೆ ಹೇಳುವಾಗ ಮನೆಯಲ್ಲಿ ಮಗುವನ್ನು ಹಿಡಿದುಕೊಂಡು ಕೂತವರ ಕತೆಯನ್ನೂ ಸರಿಯಾಗಿ ಹೇಳಿದ ಸೀರಿಯಲ್ ಯಾವುದಾದರೂ ಇದೆಯಾ? ಇದ್ದರೆ ಹೆಸರು ಹೇಳಿ. ಇಲ್ಲದಿದ್ದರೆ ಯಾಕೆ ಇಲ್ಲ?


ಉತ್ತರ: ಉಪ್ಪಳದವನು

ಟೀಚರ್, ನಾನು ಉಪ್ಪಳದವನು. ಈಗ ಬೆಂಗಳೂರಿನಲ್ಲಿ ವಿಡಿಯೋ ಎಡಿಟಿಂಗ್ ಕೆಲಸ ಮಾಡುತ್ತೇನೆ. ಇಂಥ ಸೀರಿಯಲ್ ಹುಡುಕಿ ಹುಡುಕಿ ನೋಡಿದ್ದೇನೆ.

ಮೊದಲು 'ಹ್ಯಾಪಿ ವ್ಯಾಲಿ' ನೋಡಿ. ಬಿಬಿಸಿಯದ್ದು, ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ನಡೆಯುವ ಕತೆ. ಬರೆದವರು ಸ್ಯಾಲಿ ವೇನ್‌ರೈಟ್. ಕ್ಯಾಥರಿನ್ ಅನ್ನುವ ಪೊಲೀಸ್ ಸಾರ್ಜೆಂಟ್ ತೀರಿಹೋದ ಮಗಳ ಮಗನನ್ನು ಸಾಕುತ್ತಾಳೆ. ಅವಳೇ ಪೊಲೀಸ್, ಅವಳೇ ಅಜ್ಜಿ. ಮನೆಯಲ್ಲಿ ಅವಳ ಜೊತೆ ತಂಗಿ ಕ್ಲೇರ್ ಇರುತ್ತಾಳೆ. ನೀವು ಕೇಳಿದ ವ್ಯಕ್ತಿ ಈ ಕ್ಲೇರ್. ಹಿಂದೆ ಚಟಕ್ಕೆ ಬಿದ್ದು ಎದ್ದು ಬಂದವಳು. ಅಕ್ಕ ಡ್ಯೂಟಿಗೆ ಹೋದಾಗ ಹುಡುಗನನ್ನು ನೋಡಿಕೊಳ್ಳುವವಳು. ಮೂರನೇ ಸೀಸನ್ನಿನಲ್ಲಿ ಅಕ್ಕತಂಗಿ ನಡುವೆ ಒಂದು ದೊಡ್ಡ ಬಿರುಕು ಬರುತ್ತದೆ. ಅದು ಆ ಹುಡುಗನ ವಿಷಯಕ್ಕೇ ಬರುತ್ತದೆ. ಮನೆಯಲ್ಲಿ ಕೂತವಳು ತನ್ನ ಬುದ್ಧಿಗೆ ತೋಚಿದ್ದನ್ನು ಮಾಡಿದ್ದಾಳೆ, ಹೊರಗೆ ಹೋದವಳಿಗೆ ಅದು ದ್ರೋಹವಾಗಿ ಕಾಣುತ್ತದೆ. ಕೊಲೆಗಿಂತ ಆ ಭಾಗವೇ ನನ್ನನ್ನು ಹಿಡಿದು ಕೂರಿಸಿತು. ಇನ್ನೊಂದು ವಿಷಯ. ಸೀಸನ್‌ಗಳು ಬಂದದ್ದು 2014, 2016, ಮತ್ತೆ 2023ರಲ್ಲಿ. ನಡುವೆ ಏಳು ವರ್ಷ ಕಾದರು. ಮೊದಲು ಪುಟ್ಟ ಹುಡುಗನಾಗಿ ಬಂದವನೇ ಮೂರನೆಯದರಲ್ಲಿ ಮೀಸೆ ಬರುವ ವಯಸ್ಸಿನವನಾಗಿ ಬರುತ್ತಾನೆ. ಅವನ ಮುಖ ನೋಡಿದರೆ, ಒಬ್ಬರು ದಿನಾ ಅನ್ನ ಹಾಕಿ ಬೆಳೆಸಿದ್ದು ಗೊತ್ತಾಗುತ್ತದೆ.

ಹಳೆಯದು ಬೇಕಾದರೆ 'ಕ್ಯಾಗ್ನಿ ಅಂಡ್ ಲೇಸಿ'. 1982ರಿಂದ 1988ರ ತನಕ ಅಮೆರಿಕದಲ್ಲಿ ಬಂತು. ಇಬ್ಬರು ಮಹಿಳಾ ಪತ್ತೇದಾರರು. ಲೇಸಿಗೆ ಮಕ್ಕಳಿದ್ದಾರೆ. ಗಂಡ ಹಾರ್ವಿ ಕಟ್ಟಡ ಕೆಲಸದವನು, ಕೆಲಸ ಇಲ್ಲದ ದಿನ ಮನೆ ನೋಡುತ್ತಾನೆ. ನಟಿ ಟೈನ್ ಡೇಲಿ ನಿಜವಾಗಿಯೂ ಬಸುರಿ ಆದಾಗ ಅದನ್ನು ಕತೆಯಲ್ಲೇ ಸೇರಿಸಿಕೊಂಡರು. ಹಾರ್ವಿಯಂಥ ಗಂಡಸಿನ ಪಾತ್ರ ಆಮೇಲೆ ಬಂದ ಎಷ್ಟೋ ಸೀರಿಯಲ್‌ಗಳಲ್ಲಿ ಇಲ್ಲ.

2007ರ ಡೆನ್ಮಾರ್ಕಿನ 'ದಿ ಕಿಲ್ಲಿಂಗ್' ಕೂಡ ಹೇಳಬೇಕು. 20 ಕಂತು, ಕಂತಿಗೊಂದು ದಿನ. ಸಾರಾ ಲುಂಡ್ ಮಗನ ಜೊತೆ ಸ್ವೀಡನ್ನಿಗೆ ಹೊರಟು ನಿಂತಿದ್ದಾಳೆ, ಅವತ್ತೇ ಒಂದು ಕೇಸು ಬರುತ್ತದೆ. ಇವತ್ತು ಹೊರಡುತ್ತೇನೆ, ನಾಳೆ ಹೊರಡುತ್ತೇನೆ ಅನ್ನುತ್ತಾಳೆ. ಮಗ ಇರುವುದು ಅವಳ ಅಮ್ಮನ ಮನೆಯಲ್ಲಿ. ಆ ಅಮ್ಮ ಎದುರಿಗೇ ಕೇಳಿಬಿಡುತ್ತಾಳೆ, ಸುಮ್ಮನಿರುವವಳಲ್ಲ. ನಿಮಗೆ ಇಷ್ಟ ಆಗಬಹುದು.

ಯಾಕೆ ಇಲ್ಲ ಅಂತ ಕೇಳಿದಿರಿ. ನನ್ನ ಕೆಲಸದ ಕಡೆಯಿಂದ ಹೇಳುತ್ತೇನೆ. ಕ್ರೈಂ ಕತೆ ಕತ್ತರಿಸುವಾಗ ಮನೆಯ ದೃಶ್ಯವನ್ನು ಎರಡಕ್ಕೆ ಮಾತ್ರ ಇಟ್ಟುಕೊಳ್ಳುತ್ತಾರೆ. ಒಂದು, ನೋಡುವವರು ಉಸಿರು ತೆಗೆದುಕೊಳ್ಳಲಿಕ್ಕೆ. ಇನ್ನೊಂದು, ಮಗುವಿಗೆ ಏನೋ ಆಗುತ್ತದೆ ಅಂತ ಹೆದರಿಸಲಿಕ್ಕೆ. ಇವೆರಡೂ ಅಲ್ಲದ ದೃಶ್ಯ ಬಂದರೆ "ಉದ್ದ ಆಯ್ತು, ತೆಗಿ" ಅನ್ನುತ್ತಾರೆ. ಚಪ್ಪಲಿ ಬಿಚ್ಚಿಸುವ ಒಂದು ಗಂಟೆ ಮೊದಲು ಹೋಗುವುದೇ ಅಲ್ಲಿ. ನಿಮ್ಮದನ್ನು ಓದಿದ ಮೇಲೆ ನಾನು ಕತ್ತರಿಸಿದ್ದು ಎಷ್ಟೋ ನೆನಪಿಗೆ ಬಂತು.


ಉತ್ತರ: ಖಾಕಿ ಅಕ್ಕ

ಟೀಚರ್, ನಾನೂ ಇದೇ ಜಿಲ್ಲೆಯಲ್ಲಿ ಇದೇ ಕೆಲಸದಲ್ಲಿ ಇರುವವಳು. ನಿಮ್ಮ ಮಗಳಿಗಿಂತ ಕೆಳಗಿನ ಹುದ್ದೆ. ಎಲ್ಲಿ ಅಂತ ಬರೆಯುವುದಿಲ್ಲ, ತಪ್ಪು ತಿಳಿಯಬೇಡಿ.

ನೀವು ರಾತ್ರಿಯ ಫೋನಿನ ಬಗ್ಗೆ ಬರೆದಿರಿ. ಅದು ಯಾಕೆ ನಮಗೇ ಬರುತ್ತದೆ ಅಂತ ಹೇಳುತ್ತೇನೆ. 'ದೆಹಲಿ ಕ್ರೈಂ' ಮೊದಲ ಸೀಸನ್ ನೋಡಿದ್ದೀರಾ? 2019ರದ್ದು. 2012ರ ಡಿಸೆಂಬರ್ 16ರಂದು ದೆಹಲಿಯ ಬಸ್ಸಿನಲ್ಲಿ ನಡೆದ ಸಾಮೂಹಿಕ ಅತ್ಯಾಚಾರದ ಘಟನೆ ಇದೆಯಲ್ಲ, ಅದರ ತನಿಖೆಯೇ ಕತೆ. ಶೆಫಾಲಿ ಶಾ ಡಿಸಿಪಿ ವರ್ತಿಕಾ ಆಗಿದ್ದಾರೆ. 2020ರಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಎಮ್ಮಿ ಬಂತು. ವರ್ತಿಕಾ ಮನೆಗೆ ಹೋಗದೆ ಸ್ಟೇಷನ್ನಿನಲ್ಲೇ ಉಳಿಯುತ್ತಾಳೆ. ಅವಳ ಮಗಳು ಚಾಂದನಿಗೆ ದೆಹಲಿಯೇ ಬೇಡ, ಕೆನಡಾಕ್ಕೆ ಓದಲು ಹೋಗಬೇಕು. ಊರನ್ನು ಕಾಯುವ ತಾಯಿಗೆ ತನ್ನ ಮಗಳೇ ಈ ಊರು ನನಗೆ ಬೇಡ ಅನ್ನುತ್ತಾಳೆ. ಅದನ್ನು ನೋಡಿ ನಾನು ಟಿವಿ ನಿಲ್ಲಿಸಿ ಹೊರಗೆ ಹೋಗಿ ನಿಂತಿದ್ದೆ.

ಆ ಘಟನೆ ಆದ ಮೇಲೆ ನ್ಯಾಯಮೂರ್ತಿ ವರ್ಮಾ ಸಮಿತಿ ಮಾಡಿದರು. ಅವರು 2013ರ ಜನವರಿಯಲ್ಲೇ ವರದಿ ಕೊಟ್ಟರು. ಅದೇ ವರ್ಷ ಕಾನೂನು ಬದಲಾಯಿತು. ಅತ್ಯಾಚಾರ, ಕಿರುಕುಳದಂಥ ದೂರನ್ನು ಹೆಂಗಸು ಕೊಟ್ಟರೆ ಅದನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. 2024ರ ಜುಲೈ 1ರಿಂದ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಹಾಗೇ ಇದೆ. ಹೆಂಗಸನ್ನು ಸೂರ್ಯ ಮುಳುಗಿದ ಮೇಲೆ ಬಂಧಿಸಬಾರದು. ತೀರಾ ಅಗತ್ಯ ಬಿದ್ದರೆ ಮಹಿಳಾ ಅಧಿಕಾರಿಯೇ ಬರೆದುಕೊಟ್ಟು ಮ್ಯಾಜಿಸ್ಟ್ರೇಟರ ಅನುಮತಿ ತರಬೇಕು. ಎಲ್ಲ ಒಳ್ಳೆಯ ಕಾನೂನು, ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಸ್ಟೇಷನ್ನಿನಲ್ಲಿ ಹೆಂಗಸರು ಎಷ್ಟು ಜನ ಇರುತ್ತಾರೆ? ಇರುವ ಒಬ್ಬರು ಇಬ್ಬರಿಗೇ ಪ್ರತಿ ಸಲ ಫೋನ್ ಬರುತ್ತದೆ. ದೇಶದ ಮೊದಲ ಮಹಿಳಾ ಪೊಲೀಸ್ ಠಾಣೆ ನಮ್ಮ ಕೋಝಿಕ್ಕೋಡಿನಲ್ಲೇ 1973ರ ಅಕ್ಟೋಬರ್ 27ರಂದು ಶುರುವಾಯಿತು. ಇಂದಿರಾ ಗಾಂಧಿ ಬಂದು ಉದ್ಘಾಟನೆ ಮಾಡಿದ್ದರು. ಅಷ್ಟು ಹಳೆಯ ರಾಜ್ಯ ನಮ್ಮದು ಈ ವಿಷಯದಲ್ಲಿ. ಆದರೂ ರಾತ್ರಿ ಹೊರಡಬೇಕಾದ ಹೆಂಗಸು ಇವತ್ತಿಗೂ ಮನೆಯಲ್ಲಿ ಯಾರಿದ್ದಾರೆ ಅಂತ ನೋಡಿಯೇ ಹೊರಡಬೇಕು.

ನಮ್ಮ ಗಡಿನಾಡಿನಲ್ಲಿ ಇನ್ನೊಂದು ಇದೆ. ಕನ್ನಡ, ತುಳು ಬರುವ ಹೆಂಗಸರು ಇನ್ನೂ ಕಡಿಮೆ. ಹೇಳಿಕೆ ಕೊಡುವವಳು ತುಳುವಿನಲ್ಲಿ ಅಳುತ್ತಾಳೆ. ನಾನು ಮಲಯಾಳದಲ್ಲಿ ಬರೆಯಬೇಕು. ಅವಳು ಹೇಳಿದ ಒಂದು ಮಾತು ನನ್ನ ಬರವಣಿಗೆಯಲ್ಲಿ ಸ್ವಲ್ಪ ಆಚೆ ಈಚೆ ಆದರೆ ನಾಳೆ ಕೋರ್ಟಿನಲ್ಲಿ ಅದನ್ನೇ ಹಿಡಿದು ಎಳೆಯುತ್ತಾರೆ. ಹಾಗಾಗಿ ಬೇರೆ ಸ್ಟೇಷನ್ನಿನವರೂ ಕರೆಯುತ್ತಾರೆ. ಬೇಡ ಅನ್ನಲಿಕ್ಕೆ ಮನಸ್ಸು ಬರುವುದಿಲ್ಲ.

ನನಗೆ ಹೆರಿಗೆ ರಜೆ 180 ದಿನ ಸಿಕ್ಕಿತು. ವಾಪಸ್ ಬಂದು ಕೆಲವೇ ದಿನಕ್ಕೆ ಒಂದು ಜಾತ್ರೆಯ ಬಂದೋಬಸ್ತಿಗೆ ಹಾಕಿದರು. ಬೆಳಿಗ್ಗೆ 6ಕ್ಕೆ ಹೋದವಳು ರಾತ್ರಿ ತನಕ ನಿಂತಿದ್ದೆ. ಎದೆ ಕಲ್ಲಾಗಿತ್ತು, ಅಂಗಿ ಒದ್ದೆ ಆಗುತ್ತಿತ್ತು. ಮಧ್ಯಾಹ್ನ ನನ್ನ ಅತ್ತೆ ಮಗುವನ್ನು ಎತ್ತಿಕೊಂಡು ರಿಕ್ಷಾದಲ್ಲಿ ಬಂದರು. ಯಾರೂ ಹೇಳಿ ಕಳಿಸಿದ್ದಲ್ಲ. ಬಳೆ ಅಂಗಡಿಯ ಹಿಂದೆ ಟಾರ್ಪಾಲಿನ ಮರೆಯಲ್ಲಿ ಕೂತು ಹಾಲು ಕೊಟ್ಟೆ. ಅತ್ತೆ ಸೆರಗು ಹಿಡಿದು ಅಡ್ಡ ನಿಂತಿದ್ದರು. ನಮ್ಮಿಬ್ಬರಿಗೆ ಮೊದಲು ಅಷ್ಟೇನೂ ಮಾತಿರಲಿಲ್ಲ. ಆವತ್ತಿನಿಂದ ಇದೆ.

ನೀವು ಕೇಳಿದ ಸೀರಿಯಲ್ ಯಾರಾದರೂ ತೆಗೆದರೆ ಆ ಅಂಗಡಿಯ ಹಿಂದಿನ ಹತ್ತು ನಿಮಿಷ ಅದರಲ್ಲಿ ಇರಬೇಕು.


ಉತ್ತರ: ಬಾಯಾರಿನ ಓದುಗ

ಟೀಚರ್ ಅವರಿಗೆ ಗೌರವ ಇಟ್ಟುಕೊಂಡೇ ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ಕ್ರೈಂ ಸೀರಿಯಲ್ ಹತ್ತಿರ ನಾವು ಜಾಸ್ತಿ ಕೇಳುತ್ತಿದ್ದೇವೆ ಅಂತ ನನಗೆ ಅನಿಸುತ್ತದೆ. ಅದಕ್ಕೆ ಒಂದು ಕೊಲೆ ಬೇಕು, ಒಬ್ಬ ಹುಡುಕುವವರು ಬೇಕು. ನೋಡುವವನ ಮನಸ್ಸು ಸುಳಿವಿನ ಹಿಂದೆ ಓಡುತ್ತಾ ಇರುತ್ತದೆ. ಅಲ್ಲಿ ಅಜ್ಜಿಯ ಕತೆ ತಂದರೆ ಎರಡೂ ಕೆಡಬಹುದು. ಅಜ್ಜಿಯ ಕತೆಗೆ ಬೇರೆಯೇ ಒಂದು ಪುಸ್ತಕ ಬೇಕು.

ಇನ್ನೊಂದು. 'ಮೇರ್'ನಲ್ಲಿ ಹೆಲೆನ್‌ಗೆ ಜಾಗ ಸಿಕ್ಕಿಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಹೆಲೆನ್ ಮಗಳ ಹತ್ತಿರ ಕ್ಷಮೆ ಕೇಳುವ ದೃಶ್ಯ ನೆನಪು ಮಾಡಿಕೊಳ್ಳಿ. ನಿನ್ನ ಅಪ್ಪನನ್ನು ಸರಿಮಾಡಲಿಕ್ಕೆ ನನ್ನಿಂದ ಆಗಲಿಲ್ಲ, ಆ ಸಿಟ್ಟನ್ನು ನಿನ್ನ ಮೇಲೆ ತೀರಿಸಿದೆ ಅನ್ನುತ್ತಾಳೆ. ಅಪ್ಪನೂ ಪೊಲೀಸೇ ಆಗಿದ್ದ. ಅಂದರೆ ಹೆಲೆನ್ ಎರಡು ತಲೆಮಾರು ಪೊಲೀಸರಿಗೆ ಬಾಗಿಲು ತೆರೆದವಳು. ಆ ಒಂದೇ ದೃಶ್ಯದಲ್ಲಿ ಅವಳ ಇಡೀ ಜೀವನ ಬಂದುಬಿಡುತ್ತದೆ. ಉದ್ದ ತೋರಿಸಿದರೆ ಮಾತ್ರ ಜಾಗ ಕೊಟ್ಟಂತೆ ಅಲ್ಲ, ಅಲ್ವಾ? ಆ ಪಾತ್ರಕ್ಕೆ ಜೀನ್ ಸ್ಮಾರ್ಟ್ ಎಮ್ಮಿಗೆ ನಾಮನಿರ್ದೇಶನವೂ ಆಗಿದ್ದರು.

ಉಪ್ಪಳದವರು ಹೇಳಿದ 'ಹ್ಯಾಪಿ ವ್ಯಾಲಿ'ಗೆ ಮಾತ್ರ ನನ್ನ ಪೂರ್ತಿ ಓಟು.


ನೀರ್ಚಾಲು ಟೀಚರ್

ಬಾಯಾರಿನವರೇ, ಬೇಸರ ಇಲ್ಲ. ಆ ದೃಶ್ಯ ನಾನು ಎರಡು ಸಲ ನೋಡಿದೆ. ಎರಡು ತಲೆಮಾರಿಗೆ ಬಾಗಿಲು ತೆರೆದವಳು ಅನ್ನುವುದು ನನಗೆ ಹೊಳೆದಿರಲಿಲ್ಲ, ನೀವು ಹೇಳಿದ್ದು ನಿಜ. ಆದರೆ ಅಲ್ಲಿಯೂ ಅವಳು ತನ್ನ ತಪ್ಪು ಹೇಳಿಕೊಳ್ಳಲಿಕ್ಕೆ ಬಾಯಿ ತೆರೆಯುತ್ತಾಳೆ. ಸರಿಯಾಗಿ ಮಾಡಿದ ಸಾವಿರ ದಿನಗಳ ಮಾತು ಬರುವುದಿಲ್ಲ. ನನಗೆ ಕಾಣಬೇಕಾಗಿದ್ದದ್ದು ಅದು.

ಖಾಕಿ ಅಕ್ಕ, ನಿಮ್ಮ ಅತ್ತೆಗೆ ನನ್ನ ನಮಸ್ಕಾರ ಹೇಳಿ.


ಉತ್ತರ: ಪೊಲೀಸಮ್ಮನ ಮಗ

ನಾನು ಕುಂಬಳೆಯವನು, 31 ವರ್ಷ. ಅಮ್ಮ ಪೊಲೀಸ್‌ನಲ್ಲಿ ಇದ್ದರು, ಈಗ ನಿವೃತ್ತಿ. ನನ್ನನ್ನು ಸಾಕಿದ್ದು ಅಮ್ಮನ ಅಮ್ಮ. ಅವರು ತೀರಿಹೋಗಿ ಆರು ವರ್ಷ ಆಯಿತು. ಟೀಚರ್ ಬರೆದದ್ದನ್ನು ನಿನ್ನೆ ರಾತ್ರಿ ಓದಿದೆ, ಇವತ್ತು ಮತ್ತೆ ಓದಿದೆ. ಮಗುವಿನ ಕಡೆಯಿಂದ ಹೇಳುವವರು ಇಲ್ಲಿ ಯಾರೂ ಇಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಸೀರಿಯಲ್‌ಗಳಲ್ಲಿ ಪೊಲೀಸ್ ತಾಯಿಯ ಮಗ ಅಂದರೆ ಒಂದೋ ಮಾತಾಡದ ಹುಡುಗ, ಇಲ್ಲವೋ ದಾರಿ ತಪ್ಪಿದ ಹುಡುಗ. ತಾಯಿ ಕೆಲಸಕ್ಕೆ ಹೋದದ್ದಕ್ಕೆ ಮಗುವಿಗೆ ಶಿಕ್ಷೆ ಆದ ಹಾಗೆ. ಗಂಡಸು ಪತ್ತೇದಾರನ ಮಕ್ಕಳನ್ನು ಹಾಗೆ ತೋರಿಸುವುದು ಕಡಿಮೆ, ಅವರು ಫೋಟೋದಲ್ಲಿ ನಗುತ್ತಾ ಇರುತ್ತಾರೆ. ನನಗೆ ಇದರ ಮೇಲೆ ತುಂಬಾ ಸಿಟ್ಟಿದೆ. ನಾನು ಹಾಗೆ ಬೆಳೆಯಲಿಲ್ಲ. ಶಾಲೆ ಬಿಟ್ಟು ಬಸ್ಸಿನಿಂದ ಇಳಿದರೆ ಅಜ್ಜಿ ಕೊಡೆ ಹಿಡಿದು ನಿಂತಿರುತ್ತಿದ್ದರು. ಒಂದು ದಿನವೂ ತಪ್ಪಿಲ್ಲ. ಅಮ್ಮ ಇಲ್ಲ ಅಂತ ಅತ್ತ ನೆನಪು ಇದೆ. ಆದರೆ ಒಬ್ಬನೇ ಇದ್ದ ನೆನಪು ಇಲ್ಲ.

ಟೀಚರ್, ಚಪ್ಪಲಿಯ ವಿಷಯ. ನಮ್ಮ ಮನೆಯಲ್ಲೂ ಅದೇ ಆಗುತ್ತಿತ್ತು. ಅಮ್ಮ ಸೀರೆ ಉಟ್ಟು ಕೆಲವು ಕೆಲಸಕ್ಕೆ ಹೋಗಬೇಕಾಗುತ್ತಿತ್ತು. ನಾನು ಬೆನ್ನು ಹಿಡಿಯುತ್ತಿದ್ದೆ. ಅಜ್ಜಿ ಒಂದು ಉಪಾಯ ಮಾಡಿದರು. ಅಮ್ಮನಿಗೆ ಎರಡು ಬ್ಯಾಗು ತರಿಸಿದರು. ಕಪ್ಪು ಬ್ಯಾಗು ತೆಗೆದರೆ ಅದು ಕೆಲಸ, ಉಟ್ಟದ್ದು ಏನೇ ಇರಲಿ. ಕೆಂಪು ಬ್ಯಾಗು ತೆಗೆದರೆ ನಾವೂ ಹೊರಡಬಹುದು. ಅಜ್ಜಿ ನನಗೆ ಸುಳ್ಳು ಹೇಳಲಿಲ್ಲ, ಈಗ ಬರ್ತಾಳೆ ಅಂತ ಸುಮ್ನೆ ಸಮಾಧಾನ ಮಾಡಲಿಲ್ಲ. ಕಪ್ಪು ಬ್ಯಾಗು ತೆಗೆದ ದಿನ "ಯಾರಿಗೋ ನಿನ್ನ ಅಮ್ಮ ಬೇಕಾಗಿದೆ" ಅನ್ನುತ್ತಿದ್ದರು. ನನಗೆ ಅಷ್ಟು ಸಾಕಾಗುತ್ತಿತ್ತು. ಆಮೇಲೆ ಆಮೇಲೆ ಆ ಬ್ಯಾಗನ್ನು ನಾನೇ ಎತ್ತಿ ತಂದು ಕೊಡುತ್ತಿದ್ದೆ.

ನಿಮ್ಮ ಮೊಮ್ಮಗಳಿಗೆ 9 ವರ್ಷ ಅಂದಿರಿ. ಹೇಳಿದರೆ ಅರ್ಥ ಆಗುವ ವಯಸ್ಸು.


ನೀರ್ಚಾಲು ಟೀಚರ್

ಎಲ್ಲರೂ ಇಷ್ಟು ಮನಸ್ಸಿಟ್ಟು ಬರೆಯುತ್ತೀರಿ ಅಂತ ಎಣಿಸಿರಲಿಲ್ಲ.

ಪೊಲೀಸಮ್ಮನ ಮಗನೇ, ನೀನು ನನ್ನ ವಿದ್ಯಾರ್ಥಿಗಳ ವಯಸ್ಸಿನವನು, ಅದಕ್ಕೆ ಏಕವಚನ. ನೀನು ಬರೆದದ್ದನ್ನು ಮಗಳಿಗೆ ಓದಿ ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ 2020ರ ಮಾತು ತೆಗೆದಳು. ಕೊರೊನಾ ಶುರುವಾದಾಗ ಅವಳಿಗೆ ತಲಪಾಡಿ ಕಡೆ ಡ್ಯೂಟಿ ಹಾಕಿದ್ದರು. ಆಚೆ ಕರ್ನಾಟಕದ ಕಡೆಯಿಂದ ರಸ್ತೆಗೆ ಮಣ್ಣು ಸುರಿದು ಗಡಿ ಮುಚ್ಚಿದ್ದರು. ಮಂಗಳೂರಿನ ಆಸ್ಪತ್ರೆಗೆ ಹೊರಟವರು ಗೇಟಿನ ಹತ್ತಿರ ಬಂದು ನಿಲ್ಲುತ್ತಿದ್ದರು. ಅದನ್ನೆಲ್ಲ ನೋಡಿ ಮನೆಗೆ ಬಂದರೆ ಒಳಗೆ ಬರುವ ಹಾಗಿರಲಿಲ್ಲ. ಅಡಿಕೆ ಹಾಕುವ ಕೋಣೆಯಲ್ಲಿ ಚಾಪೆ ಹಾಸಿ ಮಲಗುತ್ತಿದ್ದಳು. ಮಗುವಿಗೆ ಆಗ 4 ವರ್ಷ. ಅಂಗಳದ ಈ ಕಡೆ ಮಗು, ಆ ಕಡೆ ತಾಯಿ. ನಾನು ನಡುವೆ ನಿಂತು ಬಟ್ಟಲು ಆ ಕಡೆ ಇಡುತ್ತಿದ್ದೆ. "ಆಗ ಅವಳಿಗೆ ಎಲ್ಲ ಬಿಡಿಸಿ ಹೇಳಿದ್ದೆವು, ಅವಳು ಒಂದು ದಿನವೂ ಅಂಗಳ ದಾಟಲಿಲ್ಲ. ಈಗ ಯಾಕೆ ಹೇಳುವುದಿಲ್ಲ ನಾವು?" ಅಂತ ಮಗಳೇ ಕೇಳಿದಳು.

ಹಾಗಾಗಿ ಮೊನ್ನೆ ಭಾನುವಾರ ಮೂವರೂ ಕೂತು ಬೀರು ತೆಗೆದೆವು. ಬೂದು ಬಣ್ಣದ ಒಂದು ಚೂಡಿದಾರ ಬೇರೆ ಇಟ್ಟೆವು. ಅದು ಕೆಲಸದ್ದು. ಅಮ್ಮ ಅದನ್ನು ಹಾಕಿದರೆ ಒಂದು ಮಗುವಿನ ಹತ್ತಿರ ಹೋಗುತ್ತಾಳೆ, ಖಾಕಿ ನೋಡಿದರೆ ಆ ಮಗು ಹೆದರುತ್ತದೆ, ಅದಕ್ಕೆ ಇದು ಅಂತ ಮಗಳೇ ಹೇಳಿದಳು. ಹೆಚ್ಚು ಏನೂ ಹೇಳಲಿಲ್ಲ. ಇವಳು ಕೇಳಿದ್ದು ಒಂದೇ. "ಆ ಮಗುವಿಗೆ ಅಜ್ಜಿ ಇಲ್ವಾ?" ನಮ್ಮಿಬ್ಬರಿಗೂ ಉತ್ತರ ಬರಲಿಲ್ಲ.

'ಹ್ಯಾಪಿ ವ್ಯಾಲಿ' ಅಳಿಯನ ಹತ್ತಿರ ಹೇಳಿದ್ದೇನೆ, ಹುಡುಕಿ ಹಾಕಿಸಿಕೊಡುತ್ತಾರೆ. ಕೆಳಗೆ ಅಕ್ಷರ ಬರುತ್ತದಾ ಅಂತ ಉಪ್ಪಳದವರು ಒಮ್ಮೆ ಹೇಳಿದರೆ ಉಪಕಾರ. ಯಾರ್ಕ್‌ಷೈರ್‌ನವರ ಮಾತು ಇನ್ನೂ ಕಷ್ಟ ಅಂತ ಕೇಳಿದ್ದೇನೆ.

ಇವತ್ತು ಬೆಳಗ್ಗಿನಿಂದ ಮಳೆ ಬಿಟ್ಟಿಲ್ಲ. ಬಟ್ಟೆ ಯಾವುದೂ ಒಣಗುತ್ತಿಲ್ಲ. ಸಂಜೆ ನೋಡುತ್ತೇನೆ, ಮೊಮ್ಮಗಳು ಆ ಬೂದು ಚೂಡಿದಾರವನ್ನು ಹಗ್ಗದಿಂದ ತೆಗೆದು ಬಚ್ಚಲೊಲೆಯ ಹತ್ತಿರ ಹರಡುತ್ತಾ ಇದ್ದಳು. "ರಾತ್ರಿ ಫೋನ್ ಬಂದರೆ ಅಮ್ಮನಿಗೆ ಒದ್ದೆ ಆಗ್ತದೆ ಅಜ್ಜಿ" ಅಂದಳು.